ಕಲ್ಲು ಯಾವುದು, ಕಪ್ಪೆ ಯಾವುದು: ಬಂಡೆಗಳಲ್ಲಿ ಮರೆಯಾದ ಜೀವಿಗಳನ್ನು ಕಾಣುವ ಬಗೆ

(ಶಿರಸಿಯಲ್ಲಿ ಚಾರಣಾಸಕ್ತರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.)

ಎಲ್ಲರಿಗೂ ನಮಸ್ಕಾರ.

ಯಾಣ ನೋಡದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್. ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿ, ಫೋಟೊ ತೆಗೆದು ವಾಪಸ್ಸು ಬರುತ್ತೇವೆ. ಅಂಥ ಕರಿ ಬಂಡೆಗಳ ಬುಡದಲ್ಲೇ, ನಮ್ಮ ಎದೆಮಟ್ಟದಲ್ಲಿ, ಕಿರುಬೆರಳಿನಷ್ಟುದ್ದದ ಹಲ್ಲಿಗಳು ಅಂಟಿಕೊಂಡು ಕೂತಿರುತ್ತವೆ. ಯಾರಾದರೂ ತೋರಿಸಿದರೆ ‘ಅಯ್ಯೋ, ಇಲ್ಲೇ ಇತ್ತಾ!’ ಅನ್ನುತ್ತೇವೆ. ಮರುಕ್ಷಣ ‘ನಿಮ್ಮ ಕಣ್ಣು ಭಾರಿ ಚುರುಕು ಮಾರಾಯ್ರೆ’ ಅನ್ನುತ್ತೇವೆ. ಈ ಎರಡನೆಯ ಮಾತಿಗೆ ಇವತ್ತು ನಮ್ಮ ತಕರಾರು. ದಪ್ಪ ಕನ್ನಡಕದವರೂ, ಅರವತ್ತು ದಾಟಿದವರೂ ಈ ಕೆಲಸದಲ್ಲಿ ಹುಡುಗರನ್ನು ಸೋಲಿಸುತ್ತಾರೆ. ಅವರಿಗೆ ಗೊತ್ತಿರುವ ಗುಟ್ಟು ಒಂದೇ, ಯಾವ ಕಲ್ಲನ್ನು ನೋಡದೆ ಬಿಡಬೇಕು ಎಂಬುದು. ಇಪ್ಪತ್ತು ಕಲ್ಲುಗಳಲ್ಲಿ ಹದಿನೆಂಟನ್ನು ದೂರದಿಂದಲೇ ಕೈಬಿಟ್ಟವರಿಗೆ ಉಳಿದೆರಡನ್ನು ಪೂರ್ತಿ ನೋಡುವಷ್ಟು ತಾಳ್ಮೆ ಉಳಿದಿರುತ್ತದೆ. ಇಪ್ಪತ್ತನ್ನೂ ಸವರಿಕೊಂಡು ಹೋದವರಿಗೆ ಬರೀ ಕಲ್ಲು ಕಾಣುತ್ತದೆ.

ಕಲ್ಲು ಆರಿಸುವುದಕ್ಕೆ ಮುಂಚೆ, ಈ ಜೀವಿಗಳು ಮರೆಯಾಗುವುದು ಹೇಗೆ ಎಂದು ಸ್ವಲ್ಪ ನೋಡೋಣ. ಎಲ್ಲರಿಗೂ ತಿಳಿದ ಉಪಾಯ ಬಣ್ಣ ಹೊಂದಿಸಿಕೊಳ್ಳುವುದು. ಅದಕ್ಕಿಂತ ಜಾಣ ಉಪಾಯ ಮೈಯ ಅಂಚನ್ನು ಒಡೆಯುವುದು. ನತ್ತಿಂಗ (ನೈಟ್‌ಜಾರ್) ಎಂಬ ರಾತ್ರಿ ಹಕ್ಕಿಯ ಮೈಮೇಲಿನ ಕಪ್ಪು, ಬೂದು, ಕಂದು ಗೀಟುಗಳು ಹಕ್ಕಿಯ ಅಂಚಿಗೆ ಬಂದು ನಿಲ್ಲದೆ ಆಚೆಗಿನ ತರಗೆಲೆಗೆ ಹರಿದುಹೋದಂತೆ ಕಾಣುತ್ತವೆ. ಹಾಗಾಗಿ ಹಕ್ಕಿ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಮೂರನೆಯದು ನೆರಳನ್ನು ಅಳಿಸುವುದು. ಬೆನ್ನು ಗಾಢ, ಹೊಟ್ಟೆ ತಿಳಿ ಇರುವ ಪ್ರಾಣಿಗಳು ಎಷ್ಟೊಂದಿವೆ ನೋಡಿ. ಮೇಲಿನಿಂದ ಬೀಳುವ ಬಿಸಿಲು ಬೆನ್ನನ್ನು ಬೆಳಗಿಸುತ್ತದೆ, ಹೊಟ್ಟೆಯ ಭಾಗ ನೆರಳಿಗೆ ಬೀಳುತ್ತದೆ. ಬಣ್ಣ ಅದಕ್ಕೆ ಉಲ್ಟಾ ಇರುವುದರಿಂದ ಎರಡೂ ಸರಿಹೋಗಿ, ಗುಂಡಗಿನ ಮೈ ಚಪ್ಪಟೆ ಹಾಳೆಯಂತೆ ಕಾಣುತ್ತದೆ. ಇದನ್ನು 1896ರಲ್ಲಿ ವಿವರಿಸಿದವನು ಅಬಟ್ ಥೇಯರ್ ಎಂಬ ಅಮೆರಿಕದ ಚಿತ್ರಕಾರ. ದಿನವಿಡೀ ನೆರಳು ಬೆಳಕು ಬರೆಯುವವನ ಕಣ್ಣಿಗೆ ಅದು ಬಿದ್ದದ್ದು ಸಹಜವೇ.

ಪ್ರತಿ ಉಪಾಯಕ್ಕೂ ಒಂದು ಸೋರುವ ಜಾಗ ಇರುತ್ತದೆ. ಬಣ್ಣ ಎಷ್ಟೇ ಹೊಂದಿದರೂ ಪ್ರಾಣಿಗೆ ಎಡ ಬಲ ಎರಡೂ ಕಡೆ ಒಂದೇ ಸಮನಾದ ಮೈ ಇದೆ, ಕಲ್ಲಿಗೆ ಇಲ್ಲ. ಬಂಡೆಯ ಮೇಲೆ ಎರಡು ಬದಿಗೂ ಸರಿಹೊಂದುವ ಮಚ್ಚೆ ಕಂಡರೆ ಅಲ್ಲಿ ನಿಲ್ಲಿ. ಬಿರುಕು ಒಮ್ಮೆ ದಪ್ಪ ಒಮ್ಮೆ ತೆಳ್ಳಗೆ ಅಡ್ಡಾದಿಡ್ಡಿ ಓಡುತ್ತದೆ, ಆದರೆ ಬಾಲ ಒಂದೇ ಹದದಲ್ಲಿ ಕಿರಿದಾಗುತ್ತ ಹೋಗುತ್ತದೆ. ನುಣುಪಾದ ಬಾಗಿನ ಗೆರೆ ಕಂಡರೂ ನಿಲ್ಲಿ. ಕಣ್ಣು ಗುಂಡಗೆ ಇರುತ್ತದೆ, ಅದರ ಮೇಲೆ ಸೂಜಿಮೊನೆಯಷ್ಟು ಬೆಳಕು ಹೊಳೆಯುತ್ತದೆ. ನತ್ತಿಂಗಕ್ಕೆ ಇದು ಗೊತ್ತಿದ್ದಂತೆ ಹಗಲು ರೆಪ್ಪೆ ಮುಚ್ಚಿ ಬರೀ ಸೀಳು ಉಳಿಸಿಕೊಳ್ಳುತ್ತದೆ. ಕಪ್ಪೆ, ಹಲ್ಲಿಗಳಿಗೆ ಅಷ್ಟು ಸುಲಭವಲ್ಲ. ಹಲ್ಲಿಗಂತೂ ಮುಚ್ಚಲು ರೆಪ್ಪೆಯೇ ಇಲ್ಲ.

ಈಗ ಕಲ್ಲಿಗೆ ಬರೋಣ.

ನಮ್ಮ ಜಿಲ್ಲೆಯಲ್ಲಿ ಹುಡುಕುವುದಕ್ಕೆ ಯೋಗ್ಯವಾದ ಕಲ್ಲುಗಳನ್ನು ಮೂರು ಬಗೆಯಾಗಿ ನೋಡುವುದು ಅನುಕೂಲ. ಒಂದು, ಭಟ್ಕಳ, ಹೊನ್ನಾವರ, ಕುಮಟಾ, ಗೋಕರ್ಣದ ಕಡೆಯ ಗುಡ್ಡಗಳ ನೆತ್ತಿಯಲ್ಲಿರುವ ಚಿರೇಕಲ್ಲಿನ, ಅಂದರೆ ಜಂಬಿಟ್ಟಿಗೆಯ ಬಯಲು. ಎರಡು, ಘಟ್ಟದ ಹಳ್ಳಗಳ ಒದ್ದೆ ಬಂಡೆ. ಮೂರು, ಯಾಣದಂಥ ನೆಟ್ಟಗಿನ ಗೋಡೆ. ಇವುಗಳಲ್ಲಿ ಸಿಗುವ ಜೀವಿಗಳು ಬೇರೆ, ನೋಡುವ ಹೊತ್ತು ಬೇರೆ, ನಿಲ್ಲುವ ಭಂಗಿಯೂ ಬೇರೆ.

ಚಿರೇಕಲ್ಲಿನ ಬಯಲು ಬೇಸಿಗೆಯಲ್ಲಿ ಕಾದ ಕಾವಲಿ. ಮಧ್ಯಾಹ್ನ ಅಲ್ಲಿ ಏನೂ ಇಲ್ಲ ಎಂದು ತೋರುತ್ತದೆ. ನಿಜಕ್ಕೂ ಹೊರಗೆ ಏನೂ ಇರುವುದಿಲ್ಲ, ಎಲ್ಲವೂ ತೂತಿನೊಳಗೆ, ಚಪ್ಪಡಿಯಡಿ ಇರುತ್ತವೆ. ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ ಹೋಗಿ. ಬಿಸಿಲು ಓರೆಯಾಗಿ ಬೀಳುವ ಹೊತ್ತು ಅದು, ಕಡಲೆಕಾಳಿನಷ್ಟು ಉಬ್ಬಿಗೂ ಉದ್ದ ನೆರಳು ಬರುತ್ತದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಡೆಯುವುದು ಎಲ್ಲರ ರೂಢಿ. ಆಗ ನೆರಳುಗಳೆಲ್ಲ ಕಲ್ಲಿನ ಆಚೆ ಬದಿಗೆ ಬಿದ್ದು ಬಯಲು ಚಪ್ಪಟೆಯಾಗುತ್ತದೆ. ಸೂರ್ಯ ನಿಮ್ಮ ಎಡಗೆನ್ನೆಗೋ ಬಲಗೆನ್ನೆಗೋ ಇರುವಂತೆ ಅಡ್ಡಲಾಗಿ ನಡೆಯಿರಿ. ನಿಮ್ಮ ನೆರಳು ನೀವು ನೋಡುವ ಕಲ್ಲಿನ ಮೇಲೆ ಬೀಳದಿರುವುದೂ ಇದರಿಂದಲೇ ಆಗುತ್ತದೆ. ನೆರಳು ಬಿದ್ದರೆ ಹಲ್ಲಿ, ಓತಿ ಯಾವುದೂ ಕಾಯುವುದಿಲ್ಲ.

ಈ ಬಯಲಿನ ನಿಜವಾದ ಪರೀಕ್ಷೆ ಮೊಟ್ಟೆಗಳದ್ದು. ಟಿಟ್ಟಿಭ ಹಕ್ಕಿ ಬರಿನೆಲದ ಮೇಲೆ, ಜಲ್ಲಿಯ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಚೂಪು ತುದಿಗಳು ಒಳಮುಖವಾಗಿ, ಅಡಿಕೆ ಸೀಳಿಟ್ಟಂತೆ ಒಪ್ಪವಾಗಿರುತ್ತವೆ. ನತ್ತಿಂಗ ಗೂಡು ಎಂಬುದನ್ನೇ ಕಟ್ಟುವುದಿಲ್ಲ, ಎರಡು ಮೊಟ್ಟೆ ನೆಲಕ್ಕಿಟ್ಟು ಮೇಲೆ ಕೂತುಬಿಡುತ್ತದೆ. ಇವನ್ನು ಹುಡುಕಲು ಹೋಗಬೇಡಿ. ಕಾಲಿಗೆ ಸಿಗದಂತೆ ನಡೆಯುವುದಕ್ಕಾಗಿ ಇವು ಗೊತ್ತಿರಬೇಕು. ಟಿಟ್ಟಿಭ ಮೇಲೆ ಹಾರಾಡುತ್ತ ಕೂಗು ಜೋರು ಮಾಡಿತು ಎಂದರೆ ನೀವು ಹತ್ತಿರ ಬಂದಿದ್ದೀರಿ ಎಂದರ್ಥ. ನತ್ತಿಂಗ ಹಾಗೆ ಕೂಗುವುದಿಲ್ಲ, ಕಾಲು ಮುಟ್ಟುವಷ್ಟು ಹತ್ತಿರ ಹೋದಾಗ ಸದ್ದಿಲ್ಲದೆ ಏಳುತ್ತದೆ. ಎದ್ದ ತಕ್ಷಣ ಎಲ್ಲರೂ ಮಾಡುವ ತಪ್ಪು ಹಕ್ಕಿಯ ಹಿಂದೆ ನೋಡುತ್ತ ಒಂದು ಹೆಜ್ಜೆ ಮುಂದಿಡುವುದು. ಮೊಟ್ಟೆ ಒಡೆಯುವುದು ಆ ಹೆಜ್ಜೆಗೇ. ಇದ್ದಲ್ಲೇ ನಿಂತು, ಕಾಲ ಬುಡ ನೋಡಿ, ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಫೋಟೊಕ್ಕಾಗಿ ನಿಂತರೆ ಆ ಬಿಸಿಲಿಗೆ ಮೊಟ್ಟೆ ಬೇಗ ಕಾಯುತ್ತದೆ.

ಅಭ್ಯಾಸಕ್ಕೆ ಇಲ್ಲಿ ಒಳ್ಳೆಯ ಗುರು ಕಲ್ಲಿನ ಬಣ್ಣದ ಮಿಡತೆ. ಹಾರುವಾಗ ಕೆಲವಕ್ಕೆ ಒಳರೆಕ್ಕೆಯ ಬಣ್ಣ ಝಗ್ಗನೆ ಕಾಣುತ್ತದೆ, ಕೂತೊಡನೆ ಮಾಯ. ನಮ್ಮ ಕಣ್ಣು ಆ ಬಣ್ಣವನ್ನೇ ಹುಡುಕುತ್ತಿರುತ್ತದೆ, ಅದು ಮಡಚಿ ಒಳಗೆ ಹೋಗಿರುತ್ತದೆ. ಮಿಡತೆ ಇಳಿದ ಜಾಗದ ಪಕ್ಕದ ಒಂದು ಗುರುತನ್ನು, ಬಿಳಿ ಕಲ್ಲೋ ಹುಲ್ಲುಗುಪ್ಪೆಯೋ ಯಾವುದಾದರೂ ಸರಿ, ಕಣ್ಣಿನಲ್ಲಿ ಹಿಡಿದು, ರೆಪ್ಪೆ ಮಿಟುಕಿಸಿದರೂ ತಲೆ ತಿರುಗಿಸದೆ ಹತ್ತಿರ ಹೋಗಿ. ಒಂದು ಬೆಳಿಗ್ಗೆ ಹತ್ತು ಮಿಡತೆಗಳನ್ನು ಹೀಗೆ ಹಿಂಬಾಲಿಸಿದರೆ ಕಣ್ಣಿಗೆ ಹದ ಬರುತ್ತದೆ.

ಇನ್ನು ಘಟ್ಟದ ಹಳ್ಳ. ನಮ್ಮ ಮಟ್ಟಿಗೆ ಹೇಳುವುದಾದರೆ, ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಸಿರಿವಂತ ಜಾಗ ಇಲ್ಲ. ಕಪ್ಪೆಗಳ ಲೆಕ್ಕದಲ್ಲಿ ಉತ್ತರ ಕನ್ನಡದ ಹೆಸರು ಹಳೆಯದು. ಬಾಂಬೆ ಪೊದೆಗಪ್ಪೆ ಎಂಬ ಹೆಸರು ಹೊತ್ತ ಕಪ್ಪೆಯನ್ನು 1919ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ನಮ್ಮ ಕ್ಯಾಸಲ್‌ರಾಕ್‌ನ ಮಾದರಿಯಿಂದ. ಹೆಸರು ಮಾತ್ರ ಮುಂಬಯಿಯದ್ದು! ಕತ್ತಲೆಕಾನಿನ ಕುಂಬಾರ ಕಪ್ಪೆಗೆ 2014ರಲ್ಲಿ ಹೆಸರಿಟ್ಟರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಳ್ಳದ ಕೆಸರು ತಂದು ಮೊಟ್ಟೆಗೆ ಮೆತ್ತುತ್ತದೆ. ಅದನ್ನು ಹುಡುಕುವವರಿಗೆ ಇದೇ ಸುಳಿವು. ನೀರಿನ ಮೇಲಕ್ಕೆ ಚಾಚಿದ ಕಡ್ಡಿ ಅಥವಾ ಕಲ್ಲಿನ ಬದಿಗೆ, ಹರಿವು ತಲುಪದ ಎತ್ತರದಲ್ಲಿ ಹಸಿ ಕೆಸರಿನ ಮುದ್ದೆ ಕಂಡರೆ ಅದನ್ನು ಮುಟ್ಟದೆ ಬುಡದ ನೀರಿನಲ್ಲಿ ಕಪ್ಪೆಯನ್ನು ನೋಡಬೇಕು. ಇದು ರಾತ್ರಿಯ ಕೆಲಸ.

ಹಗಲಿಗೆ ಕುಣಿಯುವ ಕಪ್ಪೆಗಳಿವೆ, ಮೈಕ್ರಿಕ್ಸಾಲಸ್ ಕುಲದವು. ಒಂದಿಂಚಿನ ಆಸುಪಾಸಿನ ಮೈ, ಒದ್ದೆ ಕಲ್ಲಿನದೇ ಕಂದು. ಮಳೆಗಾಲದ ರಭಸ ಇಳಿದು ಹಳ್ಳದ ಕಲ್ಲುಗಳು ನೆತ್ತಿ ತೋರಿಸುವ ಹೊತ್ತಿಗೆ ಗಂಡುಗಳು ಕಲ್ಲೇರಿ ಕೂರುತ್ತವೆ. ನೀರಿನ ಸದ್ದಿನಲ್ಲಿ ಕೂಗು ಕೇಳುವುದು ಕಷ್ಟ. ಅದಕ್ಕೇ ಹಿಂಗಾಲನ್ನು ಚಾಚಿ, ಬೆರಳ ನಡುವಿನ ಪೊರೆಯನ್ನು ಬಿಡಿಸಿ, ಬಾವುಟದಂತೆ ಆಡಿಸುತ್ತವೆ. ಕೂತ ಕಪ್ಪೆಯನ್ನು ಹುಡುಕಿ ಸುಸ್ತಾಗುವ ಬದಲು ಆ ಕಾಲಿಗೆ ಕಾಯುವುದು ಲೇಸು. ಹೀಗೆ ಮಾಡಿ: ಮರದ ನೆರಳಿರುವ, ಕಲ್ಲಿನ ಮೇಲೆ ನೀರಿನ ಹನಿ ಸಿಡಿಯುತ್ತಿರುವ ಜಾಗದಲ್ಲಿ ಮೂರು ನಾಲ್ಕು ಮೀಟರ್ ದೂರಕ್ಕೆ ಕೂತುಬಿಡಿ. ಒಂದು ಕಲ್ಲನ್ನು ದಿಟ್ಟಿಸದೆ, ಐದಾರು ಕಲ್ಲುಗಳ ನಡುವೆ ಎಲ್ಲೋ ಸುಮ್ಮನೆ ದೃಷ್ಟಿ ಇಡಿ. ಕಣ್ಣಿನ ನಡುಭಾಗ ವಿವರ ನೋಡುವುದಕ್ಕೆ ಒಳ್ಳೆಯದು, ಅಂಚಿನ ಭಾಗ ಚಲನೆ ಹಿಡಿಯುವುದಕ್ಕೆ ಒಳ್ಳೆಯದು. ಹತ್ತು ನಿಮಿಷದಲ್ಲಿ ಎಲ್ಲೋ ಪಕ್ಕದಲ್ಲಿ ಬಿಳಿಚು ಮಿಂಚಿದಂತಾದರೆ ಅದೇ ಕಾಲು. ತಲೆ ಮೆಲ್ಲಗೆ ತಿರುಗಿಸಿ.

ಒದ್ದೆ ಬಂಡೆಯಲ್ಲಿ ದೊಡ್ಡ ಅಡ್ಡಿ ಹೊಳಪು. ಆಕಾಶದ ಬಿಳಿ ಕಲ್ಲಿನಿಂದ ಪ್ರತಿಫಲಿಸಿ ವಿವರವನ್ನೆಲ್ಲ ನುಂಗುತ್ತದೆ. ಪೋಲರಾಯ್ಡ್ ತಂಪು ಕನ್ನಡಕ ಈ ಹೊಳಪನ್ನು ಬಹಳಷ್ಟು ಕಡಿಮೆ ಮಾಡುತ್ತದೆ. ಇಲ್ಲದಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ಹೊಳಪೂ ಸರಿಯುತ್ತದೆ. ಮಳೆಗಾಲದಲ್ಲಿ ರಸ್ತೆ ಬದಿಯ ಕಡಿದ ಬಂಡೆಯ ಮೇಲೆ ತೆಳ್ಳಗೆ ನೀರು ಜಿನುಗುತ್ತಿರುತ್ತದಲ್ಲ, ಅಲ್ಲಿ ಪಾಚಿಗೆ ಅಂಟಿಕೊಂಡ ಉದ್ದ ಬಾಲದ ಗೊದಮೊಟ್ಟೆಗಳನ್ನು ನೋಡಬಹುದು. ಇಂಡಿರಾನಾ ಕುಲದ ಕಪ್ಪೆಗಳ ಮರಿಗಳು ಅವು. ಹೊಂಡವೇ ಬೇಡ, ಒದ್ದೆ ಗೋಡೆಯೇ ಸಾಕು ಅವಕ್ಕೆ. ದೇವಿಮನೆ ಘಟ್ಟದಲ್ಲಿ ವಾಹನ ನಿಲ್ಲಿಸಿದಾಗ ಜಲಪಾತದ ಕಡೆ ಬೆನ್ನು ಹಾಕಿ ಗೋಡೆಯ ಕಡೆ ಒಮ್ಮೆ ನೋಡಿ. ತಿರುವಿನಲ್ಲಿ ಮಾತ್ರ ನಿಲ್ಲಿಸಬೇಡಿ.

ಮೂರನೆಯದು ನೆಟ್ಟಗಿನ ಗೋಡೆ. ಇಲ್ಲಿ ಹಲ್ಲಿಗಳ ರಾಜ್ಯ. ರಾತ್ರಿಯವು ಬೇರೆ, ಹಗಲಿನವು ಬೇರೆ. ಪ್ರಶಾದ್ ಹಲ್ಲಿ ಎಂಬ ದೊಡ್ಡ ಹಲ್ಲಿಯನ್ನು 1935ರಲ್ಲಿ ಮಾಲ್ಕಮ್ ಸ್ಮಿತ್ ವಿವರಿಸಿದ್ದು ಆಗಿನ ಉತ್ತರ ಕನ್ನಡ ಜಿಲ್ಲೆಯ ಜೋಗದ ಸುತ್ತಿನ ಮಾದರಿಯಿಂದ. ಅದು ರಾತ್ರಿಯದು. ಹಗಲು ಹೊರಗಿರುವವು ನೆಮಾಸ್ಪಿಸ್ ಕುಲದ ಪುಟ್ಟ ಹಲ್ಲಿಗಳು. ಇವುಗಳಲ್ಲಿ ಒಂದು ಪ್ರಭೇದಕ್ಕೆ 2002ರಲ್ಲಿ ಹೆಸರು ಬಂದದ್ದು ನಮ್ಮ ಜಿಲ್ಲೆಯ ಗುಂದ ಎಂಬ ಊರಿನ ಮಾದರಿಯಿಂದ. ಮನೆಹಲ್ಲಿಯ ಪಾಪೆ ನಿಂತ ಸೀಳಿನಂತಿದ್ದರೆ ಇವುಗಳದ್ದು ಗುಂಡಗೆ. ಮನೆಹಲ್ಲಿಗೆ ಬೆರಳಡಿ ಅಗಲ ಮೆತ್ತೆ ಉಂಟು, ಇವಕ್ಕೆ ಇಲ್ಲ. ಸಪೂರ ಬಾಗಿದ ಬೆರಳು, ಉಗುರಿನ ಹಿಡಿತ. ಅದಕ್ಕೇ ನುಣ್ಣನೆ ಕಲ್ಲಿಗಿಂತ ತರಕಲು ಕಲ್ಲು, ಪೂರ್ತಿ ಬಿಸಿಲಿಗಿಂತ ನೆರಳಿನ ಗೋಡೆ, ಪಕ್ಕದಲ್ಲೇ ಓಡಿ ಸೇರಲು ಒಂದು ಸಂದು, ಈ ಮೂರೂ ಇದ್ದಲ್ಲಿ ನೋಡಬೇಕು. ಮೂರರಲ್ಲಿ ಒಂದು ಇಲ್ಲದ ಗೋಡೆಯನ್ನು ಬಿಟ್ಟು ಮುಂದೆ ನಡೆಯಿರಿ.

ಹಲ್ಲಿಗಿಂತ ಮೊದಲು ಅದರ ಗುರುತು ಕಾಣುತ್ತದೆ. ಕಪ್ಪು ಹಿಕ್ಕೆ, ಒಂದು ತುದಿಗೆ ಸುಣ್ಣದ ಚುಕ್ಕೆ ಇಟ್ಟಂತೆ ಬಿಳಿ. ಬಿರುಕಿನೊಳಗೆ ಅಂಟಿಸಿದ, ಸಣ್ಣ ಬಿಳಿ ಗೋಲಿಯಂಥ ಮೊಟ್ಟೆಗಳು, ಸಾಮಾನ್ಯವಾಗಿ ಜೋಡಿಯಲ್ಲಿ. ಇವು ಹೊಸದಾಗಿ ಕಂಡ ಸಂದಿನ ಸುತ್ತ ಒಂದು ಮೀಟರ್ ಜಾಗವನ್ನು ಮಾತ್ರ ಹುಡುಕಿದರೆ ಸಾಕು.

ಹುಡುಕುವ ಕ್ರಮ ಹೀಗಿರಲಿ. ಗೋಡೆಯಿಂದ ಎರಡು ಮೂರು ಮೀಟರ್ ದೂರ ನಿಂತು ಎರಡು ನಿಮಿಷ ಏನೂ ಮಾಡಬೇಡಿ. ನೀವು ಬಂದ ಸದ್ದಿಗೆ ಒಳಗೆ ಹೋದದ್ದು ಹೊರಗೆ ಇಣುಕಲು ಅಷ್ಟಾದರೂ ಹೊತ್ತು ಬೇಕು. ಆಮೇಲೆ ಗೋಡೆಯನ್ನು ಮನಸ್ಸಿನಲ್ಲೇ ಮನೆಬಾಗಿಲಿನಷ್ಟು ತುಂಡುಗಳಾಗಿ ಭಾಗ ಮಾಡಿ, ಹತ್ತಿರದ ತುಂಡು ಮೊದಲು, ದೂರದ್ದು ಕೊನೆಗೆ. ಪ್ರತಿ ತುಂಡನ್ನೂ ಬಲದಿಂದ ಎಡಕ್ಕೆ ನೋಡಿ. ನಾವು ಓದುವುದು ಎಡದಿಂದ ಬಲಕ್ಕೆ, ಆ ದಿಕ್ಕಿನಲ್ಲಿ ಕಣ್ಣಿಗೆ ಸಾಲು ಹಾರಿಸಿ ಓಡುವ ಚಾಳಿ ಇದೆ. ತಿರುಗಾ ಹೋದರೆ ಎಡವುತ್ತ ನಿಧಾನಕ್ಕೆ ಹೋಗುತ್ತದೆ, ನಮಗೆ ಬೇಕಾದದ್ದೂ ಅದೇ. ಒಂದು ಬಾಗಿಲಿಗೆ ಒಂದು ನಿಮಿಷ. ಮುಗಿದ ಮೇಲೆ ಗೋಡೆಗೆ ಹತ್ತಿರ ಬಂದು, ಕೆನ್ನೆಯನ್ನು ಕಲ್ಲಿಗೆ ಸಮನಾಗಿ ಹಿಡಿದು, ಕಲ್ಲಿಗೆ ತಾಗದೆ, ಗೋಡೆಯ ಉದ್ದಕ್ಕೂ ಓರೆಯಾಗಿ ನೋಡಿ. ಎದುರಿನಿಂದ ಮಚ್ಚೆಯಂತಿದ್ದದ್ದು ಬದಿಯಿಂದ ಉಬ್ಬಾಗಿ ಎದ್ದು ಕಾಣುತ್ತದೆ. ಅಡಿಕೆ ತೋಟದಲ್ಲಿ ಹಾರುವ ಓತಿಯನ್ನು ನೋಡುವವರಿಗೆ ಇದು ಗೊತ್ತು. ಮರದ ಮುಖವನ್ನು ಎಷ್ಟು ನೋಡಿದರೂ ಓತಿ ಸಿಗುವುದಿಲ್ಲ, ಮರದ ಅಂಚಿನ ಗೆರೆಯನ್ನು ನೋಡಿದರೆ ಗೆರೆಯ ಮೇಲೊಂದು ಗಂಟು ಸಿಗುತ್ತದೆ. ಗಂಡು ಹಳದಿ ಗಂಟಲ ಚೀಲ ಬಿಚ್ಚಿದರಂತೂ ಹುಡುಕುವ ಕೆಲಸವೇ ಉಳಿಯಲಿಲ್ಲ.

ದುರ್ಬೀನಿನ ಬಗ್ಗೆ ಎರಡು ಮಾತು. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8×42 ಸಾಕು. ಹತ್ತು ಪಟ್ಟಿನದ್ದರಲ್ಲಿ ಕೈನಡುಕವೂ ಹತ್ತು ಪಟ್ಟು. ಕೊಳ್ಳುವಾಗ ಎಲ್ಲರೂ ದೂರ ಎಷ್ಟು ಕಾಣುತ್ತದೆ ಎಂದು ಕೇಳುತ್ತಾರೆ. ನಮ್ಮ ಕೆಲಸಕ್ಕೆ ಹತ್ತಿರ ಎಷ್ಟು ಕಾಣುತ್ತದೆ ಎಂದು ಕೇಳಬೇಕು. ಎರಡು ಮೀಟರ್ ದೂರದ ವಸ್ತುವಿಗೆ ಫೋಕಸ್ ಆಗದಿದ್ದರೆ ಹಲ್ಲಿ ಕಪ್ಪೆಗಳಿಗೆ ಅದು ಪ್ರಯೋಜನವಿಲ್ಲ. ಮೊದಲು ಬರಿಗಣ್ಣಿನಲ್ಲಿ ಜಾಗ ಹಿಡಿದು, ಕಣ್ಣು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ದುರ್ಬೀನು ಹಾಕಿಕೊಂಡು ಹುಡುಕಲು ಹೊರಟರೆ ಕೊಳವೆಯಲ್ಲಿ ಊರು ನೋಡಿದ ಹಾಗೆ. ಇನ್ನೊಂದು: ಅದನ್ನು ತಿರುಗಾಮುರುಗಾ ಹಿಡಿದು, ಕಣ್ಣಿಡುವ ತುದಿಯನ್ನು ಕಲ್ಲಿಗೆ ತೀರ ಹತ್ತಿರ ತಂದರೆ ಒಳ್ಳೆಯ ಭೂತಗನ್ನಡಿ ಆಗುತ್ತದೆ. ಪಾಚಿ, ಕಲ್ಲುಹೂ, ಜೇಡ ನೋಡಲು ಸಾಕು.

ರಾತ್ರಿ ಹುಡುಕುವವರಿಗೆ ಬ್ಯಾಟರಿ ಹಿಡಿಯುವ ಬಗೆ ಎರಡು, ಇವನ್ನು ಬೆರೆಸಬಾರದು. ಕಣ್ಣ ಹೊಳಪು ಬೇಕಾದರೆ ಬೆಳಕು ನಿಮ್ಮ ಕಣ್ಣಿನ ಪಕ್ಕದಿಂದಲೇ ಹೊರಡಬೇಕು. ಪ್ರಾಣಿಯ ಕಣ್ಣಿಂದ ಹಿಂದಿರುಗುವ ಬೆಳಕು ಬಂದ ದಾರಿಯಲ್ಲೇ ವಾಪಸಾಗುತ್ತದೆ. ಸೊಂಟದ ಬಳಿ ಬ್ಯಾಟರಿ ಹಿಡಿದರೆ ಹೊಳಪು ಸೊಂಟಕ್ಕೆ ಬರುತ್ತದೆ, ನಿಮಗಲ್ಲ. ಹಣೆದೀಪ ಒಳ್ಳೆಯದು, ಇಲ್ಲದಿದ್ದರೆ ಕೈಬ್ಯಾಟರಿಯನ್ನು ಕಿವಿಯ ಪಕ್ಕ ಹಿಡಿಯಿರಿ. ನತ್ತಿಂಗದ ಕಣ್ಣು ಕೆಂಡದಂತೆ ಕಾಣುತ್ತದೆ, ಬೇಟೆಜೇಡಗಳ ಕಣ್ಣು ಇಬ್ಬನಿ ಹನಿಯಂತೆ ಹಸಿರು ಬೆಳ್ಳಿ. ಆದರೆ ಗೋಡೆಯ ಮೇಲಿನ ಹಲ್ಲಿಗೆ, ಕಲ್ಲಿನ ಬಣ್ಣದ ಹಾವಿಗೆ ಈ ಉಪಾಯ ನೆಚ್ಚಬೇಡಿ. ಅವಕ್ಕೆ ಬೆಳಕನ್ನು ದೇಹದಿಂದ ದೂರ, ಕೈ ಚಾಚಿ, ಗೋಡೆಗೆ ಓರೆಯಾಗಿ ಬಿಡಬೇಕು. ಆಗ ನೆರಳು ಹುಟ್ಟುತ್ತದೆ. ಕೆಳಗಿನಿಂದ ಮೇಲಕ್ಕೆ ಬಿಟ್ಟ ಬೆಳಕಿನಲ್ಲಿ ಥೇಯರ್ ಹೇಳಿದ ಲೆಕ್ಕವೇ ತಲೆಕೆಳಗು, ತಿಳಿ ಹೊಟ್ಟೆ ಎದ್ದು ಕಾಣುತ್ತದೆ. ಚೇಳಿಗೆ ನೇರಳಾತೀತ ಬ್ಯಾಟರಿ ಬೇಕು, 365ರಿಂದ 395 ನ್ಯಾನೊಮೀಟರಿನದ್ದು. ಕಲ್ಲಿನ ನಡುವಿನ ಚೇಳು ಹಸಿರಾಗಿ ಉರಿಯುತ್ತದೆ. ಕಲ್ಲಿನ ಮೇಲೆ ಕೈಯೂರುವ ಮುನ್ನ ಒಮ್ಮೆ ಹಾಯಿಸುವುದಕ್ಕೂ ಇದು ಉಪಕಾರಿ.

ಹೆಜ್ಜೇನು ಕಟ್ಟಿದ ಬಂಡೆಯ ಕಡೆಗೆ ಮಾತ್ರ ರಾತ್ರಿ ಬೆಳಕು ಬಿಡಬೇಡಿ. ಯಾಣದಂಥ ಗೋಡೆಗಳಲ್ಲಿ ತಟ್ಟಿಗಳು ನೇತಾಡುತ್ತಿರುತ್ತವೆ. ರಾತ್ರಿಯಾದರೂ ಹೆಜ್ಜೇನು ಬೆಳಕಿಗೆ ಬರುತ್ತದೆ. ಕಾಡಿನೊಳಗೆ ರಾತ್ರಿ ಓಡಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಂತೂ ಆ ಯೋಚನೆಯೇ ಬೇಡ. ಸ್ವಂತ ತೋಟದ ಅಗಳ, ಬಾವಿಕಟ್ಟೆ, ಪಾಗಾರ ಇಷ್ಟೇ ಒಂದು ಮಳೆಗಾಲಕ್ಕೆ ಧಾರಾಳ ಸಾಕು.

ಈಗ ಎಲ್ಲಿ ಎಡವುತ್ತೇವೆ ಎಂಬುದು. ಹಕ್ಕಿಗಳ ಮೇಲೆ ಕೆಲಸ ಮಾಡಿದ ಲ್ಯೂಕ್ ಟಿನ್‌ಬರ್ಗನ್ ಅವರ ಅಧ್ಯಯನ 1960ರಲ್ಲಿ ಪ್ರಕಟವಾಯಿತು. ಪೈನ್ ತೋಪಿನಲ್ಲಿ ಹೊಸ ಬಗೆಯ ಕಂಬಳಿಹುಳು ಬಂದಾಗ ಹಕ್ಕಿಗಳು ಮೊದಲಿಗೆ ಅದನ್ನು ಹೆಚ್ಚೇನೂ ತಿನ್ನುವುದಿಲ್ಲ, ಹುಳು ಸಾಕಷ್ಟು ಹೆಚ್ಚಾದ ಮೇಲೆ ಒಮ್ಮೆಲೇ ಹೇರಳವಾಗಿ ಹಿಡಿಯತೊಡಗುತ್ತವೆ. ಕಣ್ಣಿಗೆ ಆ ಹುಳುವಿನ ಅಚ್ಚು ಸಿಕ್ಕಿತು ಎಂಬುದು ಅವರ ವಿವರಣೆ. ನಮಗೂ ಹಾಗೇ. ಮೊದಲ ಹಲ್ಲಿಗೆ ಒಂದು ತಾಸು, ಎರಡನೆಯದಕ್ಕೆ ಐದು ನಿಮಿಷ. ಅಪಾಯ ಇರುವುದೂ ಇಲ್ಲೇ. ಹಲ್ಲಿಯ ಅಚ್ಚು ಕೂತ ಕಣ್ಣಿಗೆ ಒಂದು ಮೊಳ ಆಚೆ ಇರುವ ಗುಳಿಮಂಡಲ ಎಂಬ ವಿಷದ ಹಾವು ಕಾಣುವುದಿಲ್ಲ. ಮಲಬಾರ್ ಗುಳಿಮಂಡಲ ಹಳ್ಳದ ಬದಿಯ ಕಲ್ಲು, ಬಳ್ಳಿಗಳ ಮೇಲೆ ಒಂದೇ ಜಾಗದಲ್ಲಿ ದಿನಗಟ್ಟಲೆ ಕೂರುವ ಹಾವು. ಒಂದೇ ಪ್ರಭೇದದಲ್ಲಿ ಹಸಿರು, ಕಂದು, ಹಳದಿ, ಕಿತ್ತಳೆ ಹೀಗೆ ಹಲವು ಬಣ್ಣ. ‘ಹಸಿರು ಹಾವು’ ಎಂದು ನೆನಪಿಟ್ಟುಕೊಂಡವರು ಕಂದು ಹಾವಿನ ಪಕ್ಕ ಕೈಯೂರುತ್ತಾರೆ. ಬಣ್ಣವನ್ನು ಬಿಟ್ಟು ಆಕಾರ ನೆನಪಿಡಿ, ತ್ರಿಕೋನದ ತಲೆ, ಸಪೂರ ಕುತ್ತಿಗೆ, ಸುತ್ತಿಕೊಂಡ ಮೈ. ತರಗೆಲೆಯಲ್ಲಿ ಒಂದಡಿಯ ಆಸುಪಾಸಿನ, ಮೂತಿ ಮೇಲೆತ್ತಿದ ಇನ್ನೊಂದು ಗುಳಿಮಂಡಲ ಇರುತ್ತದೆ. ಕೊಂಕಣ ಕರಾವಳಿಯ ಚಿರೇಕಲ್ಲು ಬಯಲಿನಲ್ಲಿ ಗರಗಸ ಮಂಡಲದ ಬಗ್ಗೆ ಎಚ್ಚರ ಬೇಕು. ಒಂದೆರಡು ಅಡಿಯಷ್ಟೇ, ಆದರೆ ಕೋಪ ದೊಡ್ಡದು. ಸುರುಳಿ ಸುತ್ತಿ ಹುರುಪೆಗಳನ್ನು ಉಜ್ಜಿ ಎಣ್ಣೆ ಕಾದ ಬಾಣಲೆಯಂತೆ ಸದ್ದು ಮಾಡುತ್ತದೆ.

ಇದನ್ನು ಬರೆದಿಟ್ಟುಕೊಳ್ಳಿ: ನಮ್ಮ ದೇಶದಲ್ಲಿ ಸಿಗುವ ಬಹುವಿಷದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಗುಳಿಮಂಡಲಗಳಿಗಾಗಿ ತಯಾರಾದದ್ದಲ್ಲ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ. ಉಂಗುರ, ಬಳೆ ತೆಗೆದು, ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಹೋಗಿ. ಹಾವನ್ನು ಹಿಡಿದೊಯ್ಯುವ ಶೌರ್ಯ ಬೇಡ, ದೂರದಿಂದ ಫೋಟೊ ಸಿಕ್ಕರೆ ಸಾಕು. ಹುಡುಕುವಾಗಿನ ನಿಯಮ ಒಂದೇ: ಕಣ್ಣು ಹೋಗದ ಜಾಗಕ್ಕೆ ಕೈ ಹೋಗಬಾರದು. ಪ್ರತಿ ಬಾಗಿಲಿನ ತುಂಡನ್ನು ಮೊದಲ ಬಾರಿ ಹಾವಿಗಾಗಿ, ಎರಡನೆಯ ಬಾರಿ ಹಲ್ಲಿಗಾಗಿ ನೋಡಿ. ಹೊತ್ತು ಎರಡು ಪಟ್ಟಾಗುತ್ತದೆ, ಆಗಲಿ.

ಕಲ್ಲು ಮಗುಚುವ ಚಟ ಇರುವವರು ಇಲ್ಲಿ ಕೆಲವರಿದ್ದೀರಿ. ಬಿಡಿ ಅದನ್ನು. ಚಪ್ಪಡಿಯಡಿಯ ಆ ಬೆರಳಗಲದ ಸಂದು ವರ್ಷಗಟ್ಟಲೆ ಮಳೆ, ಮಣ್ಣು, ಗೆದ್ದಲು ಸೇರಿ ಆದದ್ದು. ಎತ್ತಿ ಅಲ್ಲೇ ಇಟ್ಟೆ ಅನ್ನುತ್ತೇವೆ, ಆದರೆ ಕಲ್ಲು ಮೊದಲಿನಂತೆ ಕೂರುವುದಿಲ್ಲ. ಒಂದು ಬದಿಗೆ ಗಾಳಿ ಹೊಕ್ಕು ತೇವ ಆರುತ್ತದೆ, ಇನ್ನೊಂದು ಬದಿಗೆ ಒಳಗಿದ್ದುದು ಜಜ್ಜಿಹೋಗುತ್ತದೆ. ಅದರಡಿ ಕೆಂಪು ಚೇಳು ಇದ್ದರೆ ಜಜ್ಜುವ ಸರದಿ ನಿಮ್ಮದಲ್ಲ. ಸಿದ್ದಾಪುರ, ಶಿರಸಿ ಕಡೆಯವರಿಗೆ ಹೇಳಬೇಕಿಲ್ಲ, ಮಳೆ ಮುಗಿದು ಒಣಗು ಶುರುವಾದ ಮೇಲೆ ತರಗೆಲೆಯ ಮೇಲೆ ಕೂತು ಕಾಯುವುದೆಂದರೆ ಉಣ್ಣಿಗೆ ಆಹ್ವಾನ, ಅದರ ಹಿಂದೆ ಮಂಗನ ಕಾಯಿಲೆಯ ಭಯ. ಕೂರುವುದಾದರೆ ಬರಿ ಬಂಡೆಯ ಮೇಲೆ ಕೂತುಕೊಳ್ಳಿ. ಮಳೆಗಾಲದ ಉಂಬಳದ ಬಗ್ಗೆ ದೂರುವುದೇನೂ ಇಲ್ಲ, ಅದು ರಕ್ತ ಕುಡಿದು ಹೋಗುತ್ತದೆ ಅಷ್ಟೇ.

ಕಂಡದ್ದನ್ನು ಪಕ್ಕದವರಿಗೆ ತೋರಿಸುವುದು ಹುಡುಕುವುದಕ್ಕಿಂತ ಕಷ್ಟ. ‘ಅಗೋ ಅಲ್ಲಿ, ಆ ಕಲ್ಲಿನ ಹತ್ರ’ ಎಂದರೆ ಬಂಡೆ ತುಂಬ ಕಲ್ಲೇ. ಇಬ್ಬರಿಗೂ ತಪ್ಪದೆ ಕಾಣುವ ಒಂದು ದೊಡ್ಡ ಗುರುತಿನಿಂದ ಶುರುಮಾಡಿ. ಅದನ್ನು ಗಡಿಯಾರದ ನಡು ಎಂದುಕೊಂಡು, ‘ಬಿಳಿ ಮಚ್ಚೆ ಕಂಡಿತಾ? ಅದರ ನಾಲ್ಕು ಗಂಟೆಯ ದಿಕ್ಕಿಗೆ ಎರಡು ಗೇಣು’ ಎನ್ನಿ. ಬೆರಳು ಚಾಚಬೇಡಿ, ಕೈಯ ಚಲನೆಗೇ ಅದು ಒಳಗೆ ಓಡುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ತೋರಿಸಿ, ಆಮೇಲೆ ಕಲ್ಲಿನ ಕಡೆ ನೋಡಲು ಹೇಳುವುದು ಎಲ್ಲಕ್ಕಿಂತ ಬೇಗ. ದೂರದ ಗುಡ್ಡದ ಕಲ್ಲಿಗಾದರೆ ಕೈ ನೀಟಾಗಿ ಚಾಚಿ ಅಳೆಯಬಹುದು. ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ, ಕಿರುಬೆರಳು ಸುಮಾರು ಒಂದು ಡಿಗ್ರಿ.

ಇಲ್ಲಿಂದ ಪ್ರತಿ ಬೇಸಿಗೆಗೆ ಹಿಮಾಲಯ ಚಾರಣಕ್ಕೆ ಹೋಗುವವರು ಕೇಳಿದ್ದರಿಂದ ಪೀಕಾದ ವಿಷಯ ಸೇರಿಸುತ್ತೇವೆ. ನಮ್ಮ ಸಹ್ಯಾದ್ರಿಯಲ್ಲಿ ಅದು ಇಲ್ಲ, ಅದು ಚಳಿಯ ಎತ್ತರದ ಪ್ರಾಣಿ. ಉತ್ತರಾಖಂಡದಲ್ಲಿ ಚೋಪ್ತಾದಿಂದ 3,680 ಮೀಟರ್ ಎತ್ತರದ ತುಂಗನಾಥಕ್ಕೆ ಹತ್ತುವ ದಾರಿಯಂಥಲ್ಲಿ ಸಿಗುವುದು ರಾಯ್ಲ್ ಪೀಕಾ. ಹೊರಗೆ ಬಾಲ ಕಾಣದ, ಗುಂಡು ಕಿವಿಯ, ಗೇಣುದ್ದಕ್ಕಿಂತ ಚಿಕ್ಕ ಪ್ರಾಣಿ. ಇಲಿ ಎನ್ನುತ್ತಾರೆ, ಆದರೆ ಮೊಲದ ಬಳಗ. ಇಲ್ಲೂ ಪಾಠ ಅದೇ, ಕಲ್ಲು ಆರಿಸುವುದು. ಒಂಟಿ ದೊಡ್ಡ ಬಂಡೆ ಬೇಡ, ಒತ್ತಾಗಿ ಮಣ್ಣು ತುಂಬಿದ ಜಲ್ಲಿಯೂ ಬೇಡ. ಒರಳುಕಲ್ಲಿನಿಂದ ಅಕ್ಕಿಮೂಟೆಯ ಗಾತ್ರದವರೆಗಿನ ಕಲ್ಲುಗಳು ಒಂದರ ಮೇಲೊಂದು ಉರುಳಿ, ನಡುವೆ ಮುಷ್ಟಿ ಹೋಗುವಷ್ಟು ಸಂದು ಉಳಿದ ರಾಶಿ, ಅದರ ಅಂಚಿಗೇ ಹುಲ್ಲು, ಗಿಡ. ಮೇಯಲು ಹೊರಗೆ ಬಂದದ್ದು ನಾಲ್ಕು ನೆಗೆತಕ್ಕೆ ಸಂದಿಗೆ ಸೇರಬೇಕು, ಹಾಗಾಗಿ ರಾಶಿಯ ನಡುವಿಗಿಂತ ಅಂಚು ಮುಖ್ಯ. ಕಲ್ಲಿನ ಮರೆಯಲ್ಲಿ ಕರಿಮೆಣಸಿನಂಥ ಗುಂಡು ಹಿಕ್ಕೆ ಗುಂಪಾಗಿ ಬಿದ್ದಿವೆಯೇ, ಹುಲ್ಲಿನ ತುದಿ ಕತ್ತರಿಸಿದಂತಿದೆಯೇ ನೋಡಿ. ಎರಡೂ ಇದ್ದರೆ ಎಂಟು ಹತ್ತು ಮೀಟರ್ ದೂರ, ಗಾಳಿಗೆ ಬೆನ್ನು ಕೊಟ್ಟು ಬೆಚ್ಚಗೆ ಕೂತುಕೊಳ್ಳಿ. ಬೆಳಿಗ್ಗೆ ಅಥವಾ ಇಳಿಹೊತ್ತು ಒಳ್ಳೆಯದು, ಸುಡು ಬಿಸಿಲಿಗೆ ಅವು ಕಲ್ಲಿನಡಿಯ ತಂಪಿಗೆ ಹೋಗುತ್ತವೆ. ಮೊದಲು ಕಾಣುವುದು ಮೈಯಲ್ಲ, ಕಲ್ಲಿನ ನೇರ ಅಂಚಿನ ಮೇಲೆ ಎದ್ದ ಎರಡು ಗುಂಡು ಕಿವಿ. ಇಪ್ಪತ್ತು ನಿಮಿಷ ಕಾದು ಏಳುವವರೇ ಹೆಚ್ಚು. ಮೂವತ್ತಕ್ಕೆ ಗಡಿಯಾರ ಇಟ್ಟುಕೊಳ್ಳಿ, ಬಿಸ್ಕತ್ತಿನ ಪೊಟ್ಟಣವನ್ನು ಮಾತ್ರ ಆ ಮೊದಲೇ ಬಿಚ್ಚಿಟ್ಟಿರಿ. ಪ್ಲಾಸ್ಟಿಕ್ಕಿನ ಚರಪರ ಸದ್ದಿಗೆ ಕಿವಿ ಒಳಗೆ ಹೋದರೆ ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ.